ಓಗೊಡದ ಗಗನಯಾತ್ರಿ

…ಇಲ್ಲ, ಆ ಸಿನಿಮಾದ ಗಗನಯಾತ್ರಿ ಗುಂಡಿ ಒತ್ತಲಿಲ್ಲವೆಂದೇ ಕಾಣುತ್ತದೆ. ಒತ್ತಿದ್ದರೆ ರೇಡಿಯೊದ ಕೆಂಪು ದೀಪ ಹಸಿರಾಗಬೇಕಿತ್ತು, ನನ್ನ ನೆನಪಿನಲ್ಲಿ ಅದು ಇನ್ನೂ ಕೆಂಪಾಗಿಯೇ ಉರಿಯುತ್ತಿದೆ. ಆದರೆ ಕೊಪ್ಪದಲ್ಲಿರುವ ನಮ್ಮ ಅಕ್ಕನ ಮನೆಯ ಹಳೆಯ ಟಿ.ವಿ.ಯಲ್ಲಿ ಹಸಿರೆಂಬುದೇ ಸರಿಯಾಗಿ ಮೂಡುವುದಿಲ್ಲ. ವಾರ್ತೆ ಓದುವವರ ಮುಖವೂ ಅದರಲ್ಲಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ದೀಪದ ಮಾತನ್ನು ನೀವು ನಂಬಬೇಕಾಗಿಲ್ಲ. ನಾನೂ ಪೂರ್ತಿ ನಂಬಿಲ್ಲ. ಸಿನಿಮಾದ ಹೆಸರು ಕೂಡ ಮರೆತುಹೋಗಿದೆ. ಮರೆಯಲಾಗದಿರುವುದು ಅದನ್ನು ನೋಡುತ್ತಾ ಕುಳಿತಿದ್ದ ಭಾವ ಆಡಿದ ಮಾತು.

ಭಾವ, ಅಂದರೆ ಅಕ್ಕನ ಗಂಡ ಶ್ರೀನಿವಾಸ, ನೌಕರಿಯ ಬಹುಪಾಲನ್ನು ಕಳೆದದ್ದು ಘಟ್ಟದ ನೆತ್ತಿಯ ಒಂದು ವೈರ್‌ಲೆಸ್ ಕೇಂದ್ರದಲ್ಲಿ. ಕೆಳಗಿನ ಊರುಗಳ ಸಂದೇಶಗಳನ್ನು ಹಿಡಿದು ಆಚೆ ಬದಿಗೆ ದಾಟಿಸುವುದು ಅಲ್ಲಿಯ ಕೆಲಸ. ಒಂದು ಕೋಣೆ, ಒಂದು ಕಂಬ, ಒಂದು ಯಂತ್ರ. ಮಂಜು ಕವಿದರೆ ವಾರಗಟ್ಟಲೆ ಯಾರೂ ಹತ್ತಿ ಬರುತ್ತಿರಲಿಲ್ಲ. ನಿವೃತ್ತರಾಗಿ ಮನೆಗೆ ಬಂದ ಮೇಲೆ ಅವರಿಗೆ ಕಿವಿ ಮಂದವಾಗಿದೆಯೆಂದು ಅಕ್ಕ ತೀರ್ಮಾನಿಸಿದ್ದಳು. ಅಡುಗೆಮನೆಯಿಂದ ಅವಳು ಕರೆಯುವಳು, ಮತ್ತೆ ಕರೆಯುವಳು. ಕೊನೆಗೆ ಗಾಬರಿಯಾಗಿ ಓಡಿಬಂದರೆ ಭಾವ ಕುರ್ಚಿಯಲ್ಲಿ ಶಾಂತವಾಗಿ ಕುಳಿತಿರುವರು. ನಾವೆಲ್ಲ ಅವರೊಡನೆ ಗಟ್ಟಿಯಾಗಿ ಮಾತಾಡುವುದನ್ನು ರೂಢಿಸಿಕೊಂಡಿದ್ದೆವು. ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿ ಕಿವಿಗೆ ಯಂತ್ರ ಹಾಕಿಸಲು ದಿನವೂ ಗೊತ್ತಾಗಿತ್ತು. "ಮಿಷನ್ ಒಂದು ಬಂದ್ರೆ ಸಾಕು ಕಣೋ, ಮೊದಲಿನ ಹಂಗೆ ಮಾತಾಡ್ತಾರೆ" ಎಂದು ಫೋನಿನಲ್ಲಿ ಹೇಳುವಾಗ ಅಕ್ಕನ ಧ್ವನಿಯಲ್ಲಿ ಮದುವೆಯಾದ ಹೊಸತರ ಹಿಗ್ಗು ಇತ್ತು.

ಆ ಭಾನುವಾರ ಮಧ್ಯಾಹ್ನ ನಾನು ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಹೋಗಿದ್ದೆ. ಪಕ್ಕದ ಮನೆಯ ಸಲೀಂ, ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟವನು, ಹಪ್ಪಳ ಕರಿದ ವಾಸನೆಗೆ ಬಂದು ಕೂತಿದ್ದ. ಟಿ.ವಿ.ಯಲ್ಲಿ ಗಗನನೌಕೆ ತೇಲುತ್ತಿತ್ತು. ಅದರೊಳಗೆ ಒಬ್ಬನೇ ಒಬ್ಬ. ಅವನು ಏನಾದರೂ ಕೇಳಿದರೆ ಭೂಮಿಯಿಂದ ಉತ್ತರ ಬರಲು ತಾಸು ಹಿಡಿಯುತ್ತಿತ್ತು.

"ಇದೆಂತ ದೊಡ್ಡ ವಿಷ್ಯ? ನಮ್ಮನೇಲೂ ಹಂಗೇ. ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ" ಎಂದಳು ಅಕ್ಕ.

"ಅಕ್ಕಾ, ನಿಮ್ಮನೇಲಿ ಉತ್ತರನಾದ್ರೂ ಬರ್ತದಲ್ಲ. ನಮ್ಮನೇಲಿ ಬರೀ ಪ್ರಶ್ನೆನೇ" ಎಂದ ಸಲೀಂ.

ಭಾವನೂ ನಕ್ಕರು. ನಾವು ನಕ್ಕದ್ದನ್ನು ನೋಡಿ ನಕ್ಕರೋ, ಮಾತು ಕೇಳಿಸಿ ನಕ್ಕರೋ ಎಂದು ಆಗ ನನಗೆ ಹೊಳೆಯಲಿಲ್ಲ. ಅಥವಾ ಆ ನಗೆಯನ್ನು ಆಮೇಲೆ ನಾನೇ ಅಲ್ಲಿ ಸೇರಿಸಿಕೊಂಡೆನೋ. ಅಕ್ಕ ಕಾಫಿ ಮಾಡಲು ಒಳಗೆ ಹೋದಳು.

ಇಂಥ ಸಿನಿಮಾಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಭೂಮಿಯನ್ನು ಬಿಟ್ಟ ಮನುಷ್ಯನಿಗೆ ಅವುಗಳಲ್ಲಿ ಏನಾದರೊಂದು ಆಗಲೇಬೇಕು: ಸತ್ತ ಹೆಂಡತಿ ಕಿಟಕಿಯಾಚೆ ಕಾಣಿಸುತ್ತಾಳೆ, ಯಂತ್ರ ಅವನೊಡನೆ ಜಗಳ ಕಾಯುತ್ತದೆ, ಕನ್ನಡಿಯೊಳಗಿನವನು ಇವನಿಗಿಂತ ಮೊದಲೇ ಕಣ್ಣು ಮಿಟುಕಿಸುತ್ತಾನೆ. ಹುಚ್ಚಿಗೆ ಅಲ್ಲಿ ವೇಷ ಕಟ್ಟದಿದ್ದರೆ ಕ್ಯಾಮರಾದ ಕಣ್ಣಿಗೆ ಅದು ಬೀಳುವುದಿಲ್ಲ. ತೂಕ ಕಳೆದುಕೊಂಡ ದೇಹವನ್ನು ತೇಲಿಸಿ ತೋರಿಸಬಹುದು. ತೂಕ ಕಳೆದುಕೊಂಡ ಮನಸ್ಸು ಕುರ್ಚಿಯಲ್ಲಿ ಕೂತೇ ಇರುತ್ತದಲ್ಲ, ಅದನ್ನು ತೋರಿಸುವುದು ಹೇಗೆ? ಈ ಸಿನಿಮಾದವನಿಗೆ ಮಾತ್ರ ವೇಷವಿರಲಿಲ್ಲ. ಭೂಮಿಯಿಂದ ಒಂದು ಹೆಣ್ಣುದನಿ ಅವನ ಹೆಸರು ಹಿಡಿದು ಕರೆಯಿತು. ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ತೇಲಿದ.

"ಓಗೊಡಬೇಡ ಮಾರಾಯ!" ಎಂದು ಸಲೀಂ ಟಿ.ವಿ.ಗೇ ಕೂಗಿದ. "ಒಂದೇ ಸಲ ಕರೆದದ್ದು. ಮೂರು ಸಲ ಕರೀಲಿ, ಆಮೇಲೆ ನೋಡುವ."

ನಮ್ಮ ಕಡೆ ಮುಸ್ಸಂಜೆಯಲ್ಲಿ ಹೊರಗಿನಿಂದ ಯಾರೋ ಒಮ್ಮೆ ಕೂಗಿದರೆ ಯಾರೂ ಓಗೊಡುವುದಿಲ್ಲ. ದೆವ್ವ ಕರೆಯುವುದು ಒಂದೇ ಸಲ, ಮತ್ತೆ ಮತ್ತೆ ಕರೆಯುವವರು ಮನುಷ್ಯರು ಮಾತ್ರ ಎಂಬ ನಂಬಿಕೆ. ಈ ಕಟ್ಟಳೆ ಅಂತರಿಕ್ಷಕ್ಕೂ ಏರಿತಲ್ಲ ಎಂದು ನಾನು ನಗುತ್ತಿರುವಾಗಲೇ ಭಾವ, ಪರದೆಯಿಂದ ಕಣ್ಣು ಕೀಳದೆ, "ಹೆದರಿ ಅಲ್ಲ" ಎಂದರು.

"ಮತ್ತೆಂತಕ್ಕೆ ಶೀನಣ್ಣ?" ಸಲೀಂ ತನ್ನಷ್ಟಕ್ಕೇ ಎಂಬಂತೆ ಪಿಸುಗುಟ್ಟಿದ.

"ಓಗೊಟ್ರೆ ಕರೆಯೋದು ನಿಲ್ಲಿಸ್ತಾರಲ್ಲ."

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತಿದ್ದೇನೆಂಬ ಭರವಸೆ ನನಗಿಲ್ಲ. ಗುಡ್ಡದ ಮೇಲೆ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೇಂದ್ರದ ಸಂಕೇತವನ್ನಷ್ಟೇ ಹೇಳುತ್ತಿದ್ದರು. ಒಂದು ಮಳೆಗಾಲ, ಮಂಜಿನಲ್ಲಿ ಒಬ್ಬರೇ ಸಿಕ್ಕಿಕೊಂಡಿದ್ದಾಗ, ಯಾಕೋ ಉತ್ತರಿಸುವುದು ತಡವಾಯಿತು. ಕೆಳಗಿದ್ದವನು ಸಂಕೇತವನ್ನು ಹೇಳಿ ಹೇಳಿ ಸಾಕಾಗಿ, ಗಾಬರಿಯಿಂದ, "ಶ್ರೀನಿವಾಸಾ, ಇದೀಯೇನೋ?" ಎಂದನಂತೆ. ಭಾವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕತ್ತಲಾಗುವ ತನಕ ಆ ಕರೆಯನ್ನು ಕೇಳುತ್ತಾ ಕುಳಿತರು. ಮಾರನೆಯ ದಿನ ಹೆಣ ಹೊರಲು ಸಿದ್ಧರಾಗಿಯೇ ಜನ ಹತ್ತಿ ಬಂದರೆ ಇವರು ಗಂಜಿ ಕುಡಿಯುತ್ತಿದ್ದರು.

ಸಲೀಂ ಕೈಯಲ್ಲಿದ್ದ ಹಪ್ಪಳ ಬಾಯಿಗೆ ಹೋಗಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಕಥೆಯಲ್ಲ, ಸಲೀಂನ ಪಿಸುಮಾತಿಗೂ ಉತ್ತರ ಸಿಕ್ಕಿದ್ದು.

"ಭಾವ, ನಿಮ್ಗೆ ಕಿವಿ ಕೇಳ್ತದಾ?"

"ಕೇಳ್ದೆ ಎಂತ?"

"ಮತ್ತೆ ಅಕ್ಕ ಕರೆಯೋದು?"

"ಮೊದಲನೇ ಸಲ ಕರೆಯೋದು ಕೆಲಸಕ್ಕೆ ಮಾರಾಯ. ನಾಲ್ಕನೇ ಸಲ ಕರೆಯುವಾಗ ಧ್ವನಿ ಬೇರೆ ಇರ್ತದೆ. ಅದು ನಂಗೆ."

ನಾಚಿಕೆಯಿಲ್ಲದೆ, ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದರು. ಅಕ್ಕನ ಅಂಜಿಕೆಯೇ ಅವರಿಗೆ ಅಕ್ಕರೆಯಾಗಿ ಕೇಳಿಸುತ್ತಿತ್ತು. ಸಿನಿಮಾದವರು ಇಷ್ಟನ್ನು ತೋರಿಸಲು ಮನುಷ್ಯನನ್ನು ಕೋಟಿಗಟ್ಟಲೆ ಮೈಲಿ ಆಚೆಗೆ ಕಳಿಸುತ್ತಾರೆ. ಅಕ್ಕನ ಅಡುಗೆಮನೆಗೂ ಆ ಕುರ್ಚಿಗೂ ನಡುವೆ ಇರುವುದು ಒಂದು ಗೋಡೆ.

ತಿರುಗಿ ನೋಡಿದರೆ ಅಕ್ಕ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಆಗಷ್ಟೇ ಬಂದಳೋ, ಬಂದು ಬಹಳ ಹೊತ್ತಾಗಿತ್ತೋ? ಕಾಫಿಯ ಮೇಲೆ ಕೆನೆ ಕಟ್ಟಿತ್ತೆಂದು ನನ್ನ ನೆನಪು ಹೇಳುತ್ತದೆ; ಆದರೆ ಕಥೆಗೆ ಬೇಕಾದ ಕೆನೆಯನ್ನು ನೆನಪು ತಾನೇ ಕಟ್ಟಿಕೊಳ್ಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅವಳು ನನಗೂ ಸಲೀಂಗೂ ಲೋಟ ಕೈಗೆ ಕೊಟ್ಟಳು. ಭಾವನದ್ದನ್ನು ಸ್ಟೂಲಿನ ಮೇಲಿಟ್ಟಳು.

ಅವರು ಶಿವಮೊಗ್ಗಕ್ಕೆ ಹೋಗಲಿಲ್ಲ. ಯಾಕೆಂದು ಅಕ್ಕನನ್ನು ಕೇಳಿದ್ದಕ್ಕೆ, "ಬೇಡ ಅನ್ನಿಸ್ತು" ಎಂದಳು, ಅಷ್ಟೇ. ಕಳೆದ ತಿಂಗಳು ಹೋದಾಗ ನೋಡಿದೆ: ಅಕ್ಕ ಈಗ ಭಾವನನ್ನು ಕರೆಯುವುದೇ ಇಲ್ಲ. ಊಟಕ್ಕೆ ಬಡಿಸಿ, ಬಂದು ಭುಜ ಮುಟ್ಟಿ ಹೋಗುತ್ತಾಳೆ, ಕಿವುಡರನ್ನು ಎಬ್ಬಿಸುವ ಹಾಗೆ. ಭಾವ ಅಡುಗೆಮನೆಯ ಕಡೆ ಮುಖ ಮಾಡಿಕೊಂಡು ಕೂತಿರುತ್ತಾರೆ. ನಾನು ಅಲ್ಲಿದ್ದಷ್ಟು ಹೊತ್ತಿನಲ್ಲಿ ಎರಡು ಸಲ, ಯಾರೂ ಕರೆಯದಿದ್ದರೂ, "ಓ" ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಭುಜ ಮುಟ್ಟುವುದು ಶಿಕ್ಷೆಯೋ ಕರುಣೆಯೋ, ಆ ದಿನ ಬಾಗಿಲಲ್ಲಿ ಅವಳು ಎಷ್ಟು ಕೇಳಿಸಿಕೊಂಡಿದ್ದಳೋ, ನನಗೆ ಗೊತ್ತಿಲ್ಲ. ಅವಳನ್ನು ಕೇಳಿಲ್ಲ.