ಡೋರಾಗೆ ಏನು ಕಮ್ಮಿ?

"ಆ ಮನೇಲಿ ಡೋರಾಗೆ ಏನು ಕಮ್ಮಿ ಹೇಳಿ!" ಎನ್ನುತ್ತಿದ್ದರು ಟೆಂಟರ್ ಬೀದಿಯ ಹೆಂಗಸರು, ಮಂಡಿಯೂರಿ ಹೊಸ್ತಿಲ ಕಲ್ಲು ತಿಕ್ಕುತ್ತ. "ಹೆತ್ತ ತಾಯಿ ಇದ್ದಿದ್ರೂ ಹಿಂಗೆ ನೋಡ್ಕೊಳ್ತಿರ್ಲಿಲ್ಲ." ಪಕ್ಕದ ಮನೆಯ ಬೀಟಿ ಕ್ರಾಬ್‌ಟ್ರೀ ಅಂತೂ ತನ್ನ ಅಕ್ಕನೊಡನೆ ಜಗಳವಾದಾಗಲೆಲ್ಲ, "ಅಕ್ಕ ಅಂದ್ರೆ ಹೆಸ್ಟರ್ ಸಗ್ಡನ್ ಕಣೇ, ನೀನಲ್ಲ" ಎಂದು ಮೂದಲಿಸುತ್ತಿದ್ದಳು.

ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಹೆಸ್ಟರ್ ತಲೆ ತಗ್ಗಿಸಿ ಬೇಗ ಬೇಗ ಮನೆಯೊಳಗೆ ನಡೆದುಬಿಡುತ್ತಿದ್ದಳು.

ಯಾರ್ಕ್‌ಷೈರಿನ ಆ ಊರಿಗೆ ಉಣ್ಣೆ ಗಿರಣಿಯೇ ಜೀವ. ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎಳೆದು, ಎಲ್ಲಿ ಎಳೆ ತಪ್ಪಿದೆ ಎಂದು ಬೆರಳ ತುದಿಯಲ್ಲೇ ಹುಡುಕಿ, ಸೂಜಿಯಿಂದ ಕೂಡಿಸುವುದು ಹೆಸ್ಟರಳ ಕೆಲಸ. ತಂದೆ ಮೊದಲೇ ಹೋಗಿದ್ದ. ತಾಯಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೊಂದು, ತಂಗಿ ಡೋರಾಗೆ ಆರು.

ತಾಯಿ ಬಿಟ್ಟುಹೋದ ಆಸ್ತಿಯೆಂದರೆ ಒಂದು ಶಿಸ್ತು. ನಮ್ಮ 'ಬೇಕು' ಎಂಬ ಒಂದು ಮಾತಿಗೆ ಅವರ ಇಂಗ್ಲಿಷಿನಲ್ಲಿ ಎರಡು: ಆಸೆಯ ಬೇಕಿಗೆ 'ವಾಂಟ್', ಅಗತ್ಯದ ಬೇಕಿಗೆ 'ನೀಡ್'. ಆ ಮನೆಯಲ್ಲಿ ಎರಡನೆಯದಕ್ಕೆ ಮಾತ್ರ ಜಾಗ. ಮಗು ಆಸೆಯ ಮಾತಾಡಿತೋ, ಕೇಳಿದ್ದಂತೂ ಸಿಗುವುದಿಲ್ಲ, ಅವತ್ತಿನ ಬ್ರೆಡ್ಡಿನ ಮೇಲಿನ ಜಾಮೂ ಹೋಯಿತು. ಬೂಟು ಬೇಕೇ? ಒಳಗೆ ನೀರು ಬರುತ್ತಿದ್ದರೆ ಬೇಕು. ರಿಬ್ಬನ್ ಬೇಕೇ? ಅದಿಲ್ಲದಿದ್ದರೆ ತಲೆ ಉದುರಿ ಬೀಳುತ್ತದೆಯೇ? ಡೋರಾ ಇದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದರೂ "ಏನೂ ಬೇಡ, ಸುಮ್ನೆ ನೋಡ್ತಿದೀನಿ" ಎನ್ನುತ್ತಿದ್ದಳು.

ಹಾಗೆಂದು ಆ ಬೀದಿಯಲ್ಲಿ ಕೊಡುವುದು ತೆಗೆದುಕೊಳ್ಳುವುದು ಇರಲಿಲ್ಲವೇ? ಇತ್ತು, ಅದಕ್ಕೊಂದು ಪದ್ಧತಿ ಇತ್ತು. ಶುಂಠಿ ಕೇಕಿನ ತಟ್ಟೆ ಮುಂದೆ ಹಿಡಿದರೆ ಮೊದಲ ಸಲ "ಬೇಡಮ್ಮ, ಈಗ ತಾನೇ ತಿಂದೆ." ಎರಡನೇ ಸಲ "ಛೇ, ನಿಮಗೇ ಸಾಲದೆ ಹೋದೀತು." ಮೂರನೇ ಸಲ "ಇಷ್ಟು ಹೇಳ್ತೀರಲ್ಲ, ಒಂಚೂರು." ಮೂರನೇ ಸಲ ಒತ್ತಾಯಿಸದವರಿಗೆ ಕೊಡುವ ಮನಸ್ಸಿಲ್ಲವೆಂದೇ ಲೆಕ್ಕ. ಪದ್ಧತಿ ಗೊತ್ತಿಲ್ಲದ ಹೊರಗಿನವರು ಬಂದರೆ ಮನೆಯ ಹಿರಿಯರೇ ನಡುವೆ ಬಾಯಿ ಹಾಕಿ, "ಅವಳಿಗೆ ಇಷ್ಟಾನೇ, ಕೊಡಿ" ಎಂದುಬಿಡುತ್ತಿದ್ದರು.

ಡೋರಾಗೆ ಹನ್ನೊಂದಾದಾಗ ಅವಳ ಟೀಚರ್ ಮಿಸ್ ಪೆನ್‌ರೋಸ್ ಮನೆಗೆ ಬಂದರು. ದಕ್ಷಿಣದ ಕಡಲ ಕಡೆಯವರು, ಊರಿಗೆ ಬಂದು ಇನ್ನೂ ಆರು ತಿಂಗಳು. ಹುಡುಗಿಯರ ಹೈಸ್ಕೂಲಿನಲ್ಲಿ ಫೀಜಿಲ್ಲದ ಒಂದೇ ಒಂದು ಸೀಟಿತ್ತು. ಪರೀಕ್ಷೆಯಲ್ಲಿ ಡೋರಾ ಎಲ್ಲರಿಗಿಂತ ಮುಂದಿದ್ದಳು.

"ಡೋರಾ, ನಿನಗೆ ಆ ಸ್ಕೂಲಿಗೆ ಹೋಗೋ ಆಸೆ ಇದೆಯಾ?"

ಡೋರಾಳ ಕಿವಿ ಕೆಂಪಾದವು. "ಅದೇನೂ ಅಗತ್ಯ ಇಲ್ಲ ಮಿಸ್. ಥ್ಯಾಂಕ್ಸ್."

"ಯೋಚ್ನೆ ಮಾಡಿ ಹೇಳಮ್ಮ."

"ಬೇರೆ ಯಾರಿಗಾದ್ರೂ ಉಪಯೋಗ ಆಗುತ್ತೆ ಮಿಸ್."

ಹೇಳಿ ಅಕ್ಕನ ಕಡೆ ನೋಡಿದಳು. ತಪ್ಪಿದ ಎಳೆಯನ್ನು ಬೆರಳಲ್ಲೇ ಹುಡುಕುವವಳಿಗೆ ಆ ಮುಖ ಓದಲು ಬಾರದೇ? ಆದರೆ ಹೆಸ್ಟರಳಿಗೆ ಬೇರೇನೋ ಕಾಣುತ್ತಿತ್ತು: ಹೈಸ್ಕೂಲು, ಆಮೇಲೆ ಕಾಲೇಜು, ಆಮೇಲೆ ಯಾವುದೋ ದೂರದ ಊರು, ಒಲೆಯ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. 'ಅವಳಿಗೆ ತುಂಬಾ ಆಸೆ ಮಿಸ್, ಹೇಳೋಕೆ ಬಾರದು ಅಷ್ಟೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇನ್ನೊಂದು ಕಪ್ ಟೀ ಹಾಕ್ಲಾ ಮಿಸ್?" ಎಂದಳು.

ಮಿಸ್ ಪೆನ್‌ರೋಸ್ ಕೈಗವಸು ಹಾಕಿಕೊಂಡು ಎದ್ದರು. ಸೀಟು ಚರ್ಚಿನ ಗಂಟೆ ಬಾರಿಸುವವನ ಮಗಳಿಗೆ ಹೋಯಿತು.

ಹದಿನಾಲ್ಕಕ್ಕೆ ಡೋರಾ ಗಿರಣಿಗೆ ಬಂದು ಅಕ್ಕನ ಪಕ್ಕದ ಮೇಜಿನಲ್ಲೇ ಕೂತಳು. ಮೂವತ್ತೊಂದು ವರ್ಷ ಕೂತಳು. ಹೆಸ್ಟರ್ ಅವಳಿಗೆ ಬಿಸಿಲು ಬರುವ ಮುಂದಿನ ಕೋಣೆ ಬಿಟ್ಟುಕೊಟ್ಟಳು, ಹಂದಿ ಮಾಂಸದ ದೊಡ್ಡ ತುಂಡು ಅವಳ ತಟ್ಟೆಗೇ ಹಾಕಿದಳು, ಕೇಳದೆಯೇ ಕೆಂಪು ಕೋಟು ಹೊಲಿಸಿದಳು. ಡೋರಾ ಎಲ್ಲಕ್ಕೂ "ಥ್ಯಾಂಕ್ಸ್ ಅಕ್ಕ" ಎಂದಳು. ಚಾಪೆಲ್ಲಿನ ಪ್ರಾರ್ಥನೆ ಮುಗಿಸಿ ಬರುವ ದಾರಿಯಲ್ಲಿ ಎಷ್ಟೋ ಸಲ, ಡೋರಾ ಜ್ವರದಲ್ಲಿ ಮಲಗಿದ್ದಾಗ ಒಮ್ಮೆ, ಆ ದಿನದ ಮಾತು ಹೇಳಿಬಿಡಬೇಕೆಂದು ಹೆಸ್ಟರ್ ಬಾಯಿ ತೆರೆದದ್ದುಂಟು. ತೆರೆದ ಬಾಯಲ್ಲಿ ಹವಾಮಾನದ ಮಾತು ಬರುತ್ತಿತ್ತು.

ಕೊನೆಗೆ ಬೀದಿಯನ್ನೇ ಕೆಡವುವುದೆಂದು ಪುರಸಭೆ ತೀರ್ಮಾನಿಸಿತು. ಬದಲಿ ಮನೆಗೆ ಫಾರಂ ಬಂತು: ಇಬ್ಬರಿಗೂ ಸೇರಿ ಒಂದು ಮನೆಯೋ, ಒಬ್ಬೊಬ್ಬರಿಗೆ ಒಂದೊಂದೋ? "ನೀನು ಹೇಗೆ ಬರೆದ್ರೂ ಸರಿ ಅಕ್ಕ" ಎಂದಳು ಡೋರಾ. ಹೆಸ್ಟರ್ ಪೆನ್ಸಿಲ್ಲಿನಿಂದ 'ಒಂದು' ಎಂದು ಬರೆದಳು. ಪೆನ್ಸಿಲ್ ಕೆಳಗಿಟ್ಟಳು. ಎದ್ದು ಅಡುಗೆಮನೆಗೆ ಹೋದಳು. ಡೋರಾ ಕಪ್ಪು ಒರೆಸುತ್ತಿದ್ದಳು.

"ಆ ಟೀಚರ್ ಬಂದಿದ್ರಲ್ಲ, ಪೆನ್‌ರೋಸ್. ನಿನಗೆ ಹೋಗೋ ಆಸೆ ಇತ್ತು. ನನಗೆ ಗೊತ್ತಿತ್ತು ಕಣೇ. ಗೊತ್ತಿದ್ದೇ ಸುಮ್ಮನಿದ್ದೆ."

"ಹೂಂ. ನಾನೂ ಅಲ್ಲೇ ಇದ್ನಲ್ಲ."

ಹೆಸ್ಟರ್ ಕುರ್ಚಿ ಎಳೆದುಕೊಂಡು ಕೂತಳು.

"ಆ ವಾರ ಪೂರ್ತಿ ಕಾದೆ ಅಕ್ಕ. ನಾಳೆ ಅಕ್ಕ ಸ್ಕೂಲಿಗೆ ಹೋಗಿ ಹೇಳ್ತಾಳೆ, ನಾಡಿದ್ದು ಹೇಳ್ತಾಳೆ ಅಂತ. ಆಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟೂ ಸಾಕಾಯ್ತು. ಅಷ್ಟರಲ್ಲಿ ನೀನು ದೊಡ್ಡ ತುಂಡು ನನಗೇ ಹಾಕೋಕೆ ಶುರು ಮಾಡ್ದೆ ನೋಡು, ಮತ್ತೆ ಸಿಟ್ಟು ಬಂತು. ನನಗೆ ಹಂದಿ ಮಾಂಸ ಸೇರಲ್ಲ, ಗೊತ್ತಾ ನಿನಗೆ?"

"ಮೂವತ್ತು ವರ್ಷ ತಿಂದ್ಯಲ್ಲೇ!"

"ನೀನು ಮುಖ ಅಷ್ಟು ಚಿಕ್ಕದು ಮಾಡ್ಕೊಂಡು ಹಾಕ್ತಿದ್ರೆ ಬೇಡ ಅನ್ನೋದು ಹೆಂಗೆ?"

ನಗು ಬರುವಂತಿತ್ತು, ಬರಲಿಲ್ಲ. "ನನ್ನ ಕ್ಷಮಿಸಿಬಿಡು" ಎಂದಳು ಹೆಸ್ಟರ್.

"ಕ್ಷಮಿಸ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ. ಇನ್ನೂ ಆಗಿಲ್ಲ." ಡೋರಾ ಕಪ್ಪನ್ನು ಕೊಕ್ಕೆಗೆ ನೇತುಹಾಕಿದಳು. "ನನಗೊಂದು ಮನೆ ಬೇಕಕ್ಕ. ಬೇರೆ. ಅಗತ್ಯ ಏನೂ ಇಲ್ಲ, ಆಸೆ ಅಷ್ಟೇ."

ಹೆಸ್ಟರಳಿಗೆ ಅರವತ್ತು. ಚಳಿಗಾಲದಲ್ಲಿ ಮಂಡಿ ಮಡಚಲಾಗುತ್ತಿರಲಿಲ್ಲ. ಅದೊಂದನ್ನು ಹೇಳಿದ್ದರೆ ಸಾಕಿತ್ತು, ಡೋರಾ ಉಳಿಯುತ್ತಿದ್ದಳು. ಹೆಸ್ಟರ್ ರಬ್ಬರ್ ಹುಡುಕಿ, 'ಒಂದು' ಅಳಿಸಿ 'ಎರಡು' ಎಂದು ಬರೆದಳು. ಕಾಗದ ಸ್ವಲ್ಪ ಹರಿಯಿತು.

ಸಾಮಾನೆಲ್ಲ ಹೋದ ಮೇಲೆ, ಮಾರ್ಚಿನ ಒಂದು ಬೆಳಗ್ಗೆ, ಇಬ್ಬರೂ ಬಾಗಿಲಲ್ಲಿ ನಿಂತರು. ಡೋರಾಳ ಮನೆ ಮೇಲಿನ ಪೇಟೆಯಲ್ಲಿ, ಹೆಸ್ಟರಳದ್ದು ಕಾಲುವೆಯ ಆಚೆ.

"ಭಾನುವಾರ ಬರ್ತೀಯಾ?" ಎಂದಳು ಹೆಸ್ಟರ್.

"ಈ ಭಾನುವಾರ ಬೇಡ ಅಕ್ಕ. ಮುಂದಿನ ವಾರ ನೋಡೋಣ."

"ಆಯ್ತಮ್ಮ."

ಡೋರಾ ಮೇಲಿನ ದಾರಿ ಹಿಡಿದಳು. ಅವಳು ತಿರುವು ದಾಟುವವರೆಗೆ ನೋಡುತ್ತಿದ್ದು, ಹೆಸ್ಟರ್ ಬಾಗಿಲೆಳೆದುಕೊಂಡಳು. ಬ್ಯಾಗನ್ನು ಎಡಗೈಗೆ ಬದಲಾಯಿಸಿ, ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಇಳಿಜಾರಿನಲ್ಲಿ ಬಸ್ಸಿನ ಕಡೆ ಇಳಿದುಹೋದಳು.