ನನ್ನದಲ್ಲದ ಔಷಧಿ

ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಪ್ರಶ್ನೆ ಬರುತ್ತಿತ್ತು: "ಇವತ್ತಾದ್ರೂ ಸತ್ವಾ?"

ಸಾಯಬೇಕಾಗಿದ್ದದ್ದು ಬ್ಯಾಕ್ಟೀರಿಯಾಗಳು. ಆಸ್ಪತ್ರೆಗಳಲ್ಲೇ ಬೀಡುಬಿಟ್ಟು, ಇದ್ದಬದ್ದ ಆ್ಯಂಟಿಬಯಾಟಿಕ್‌ಗಳನ್ನೆಲ್ಲ ಅರಗಿಸಿಕೊಂಡು ಭಂಡು ಬಿದ್ದ ಜಾತಿಯವು. ಅವನ್ನು ಕೊಲ್ಲುವ ದಾರಿ ಹುಡುಕುವುದು ನನ್ನ ಪಿಎಚ್.ಡಿ. ಕೆಲಸ. ಬಹುಪಾಲು ಸಂಜೆ "ಇಲ್ಲ ಅತ್ತೆ" ಎನ್ನುತ್ತಿದ್ದೆ. ನಾಳೆ ಸಾಯುತ್ತವೆ ಬಿಡು, ಕೈಕಾಲು ತೊಳೆದುಕೋ ಎಂದು ಅವಳು ಸಾರು ಬಿಸಿಗಿಡುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಪುಟ್ಟೇನಹಳ್ಳಿಯ ತವರಿಗೆ ಬಂದವಳು. ನಾನು ಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಮನೆಯಲ್ಲಿ ಉಳಿದವರು ಅಪ್ಪ ಮತ್ತು ಚಿಕ್ಕಪ್ಪನ ಸಂಸಾರ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಚಿಕ್ಕಪ್ಪ ಬಿಲ್ಡರ್ ಆಗಿ, ಅಂಗಳದಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಅವರ ದೊಡ್ಡ ಕಾರು ನಿಂತಿತ್ತು. ನೆಂಟರಿಷ್ಟರ ಮುಂದೆ ಚಿಕ್ಕಪ್ಪ ನನ್ನನ್ನು "ನಮ್ಮ ಡಾಕ್ಟ್ರು" ಎಂದೇ ಪರಿಚಯಿಸುತ್ತಿದ್ದರು. ಮದುವೆ ಮನೆಗಳಲ್ಲಿ ಹೆಂಗಸರು ಸೀರೆ ಮೇಲೆತ್ತಿ ಮಂಡಿ ತೋರಿಸುತ್ತಿದ್ದರು. ನಾನು ಆ ಡಾಕ್ಟರಲ್ಲ ಎಂದು ಮೊದಮೊದಲು ಹೇಳಿದೆ. ಆಮೇಲೆ ಸಾಕಾಗಿ, ಬಿಸಿನೀರಿನ ಶಾಖ ಕೊಡಿ ಎನ್ನತೊಡಗಿದೆ.

ನಮ್ಮ ಲ್ಯಾಬ್ ಹುಣಸಮಾರನಹಳ್ಳಿ ದಾಟಿ, ಏರ್‌ಪೋರ್ಟ್ ರಸ್ತೆಯಿಂದ ಒಳಗೆ ಹೋಗಬೇಕಾದ ಕಡೆ ಇತ್ತು. ಬಸ್ಸಿಳಿದು ನೀಲಗಿರಿ ತೋಪಿನ ಪಕ್ಕ ನಡೆದರೆ ಎದುರಿಗೆ ಒಂದು ನಾಯಿಯೂ ಸಿಗುತ್ತಿರಲಿಲ್ಲ. ನನ್ನ ಗೈಡ್ ವಾರಕ್ಕೆ ಒಂದೆರಡು ದಿನ ಬರುತ್ತಿದ್ದರು. ಜೊತೆಗಿದ್ದ ಹುಡುಗಿ ಮದುವೆಯಾಗಿ ಅರ್ಧಕ್ಕೇ ಬಿಟ್ಟು ಹೋದಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಎದುರಿಗೆ ಗಾಜಿನ ಕ್ಯಾಬಿನೆಟ್ಟು, ಕಿವಿತುಂಬ ಫ್ಯಾನಿನ ಸದ್ದು. ಬೆಳಗ್ಗೆ ಕಂಡಕ್ಟರ್ ಹತ್ತಿರ ಆಡಿದ ಮಾತು ಬಿಟ್ಟರೆ ಸಂಜೆ ಅತ್ತೆಯ ಪ್ರಶ್ನೆಗೆ ಕೊಡುವ ಉತ್ತರವೇ ದಿನದ ಎರಡನೆಯ ಮಾತು ಆಗುತ್ತಿದ್ದುದುಂಟು. ಸ್ವರ ಹೊರಡಲು ಒಂದು ಕ್ಷಣ ಬೇಕಾಗುತ್ತಿತ್ತು.

ಅತ್ತೆಗೆ ನನ್ನ ಕೆಲಸವನ್ನು ಒಮ್ಮೆ ಹೋಳಿಗೆ ತಟ್ಟುವಾಗ ವಿವರಿಸಿದ್ದೆ. ಕೊಲಿಸ್ಟಿನ್ ಎಂಬ ಹಳೆಯ ಔಷಧಿಯೊಂದಿದೆ. ಬೇರೆಲ್ಲ ಔಷಧಿಗಳೂ ಸೋತಾಗ ಡಾಕ್ಟರುಗಳು ಕೊನೆಗೆ ಅದನ್ನು ಹಿಡಿಯುತ್ತಾರೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ರೋಗಿಯ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಹೆಚ್ಚು ಕೊಟ್ಟರೆ ಕಿಡ್ನಿ ಹೋಗುತ್ತದೆ, ಕಡಿಮೆ ಕೊಟ್ಟರೆ ಬ್ಯಾಕ್ಟೀರಿಯಾ ಉಳಿಯುತ್ತದೆ. ನಾನು ಮಾಡುತ್ತಿದ್ದದ್ದು ಆ ಔಷಧಿಗೆ ಒಂದು ಹೊದಿಕೆ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳೊಳಗೆ ಅದನ್ನು ತುಂಬಿ ಕಳಿಸಿದರೆ ದಾರಿಯಲ್ಲಿ ಚೆಲ್ಲದೆ, ಸೋಂಕಿರುವ ಜಾಗಕ್ಕೆ ಹೋಗಿ ಅಲ್ಲಿ ಬಿಚ್ಚಿಕೊಳ್ಳಬೇಕು. ಔಷಧಿ ಹೂರಣ, ನಂದು ಬರೀ ಕಣಕ ಎಂದೆ. ಕಣಕ ಸರಿಯಿಲ್ಲದಿದ್ದರೆ ಹೂರಣ ಹೆಂಚಿಗೆ ಹತ್ತುತ್ತದೆ, ಅದೇನು ಸಣ್ಣ ಕೆಲಸವೇ ಎಂದು ಅತ್ತೆ ನನ್ನ ಪರ ವಹಿಸಿಕೊಂಡಳು. ಆ ಔಷಧಿಯ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬೀದಿಯವರಿಗೆಲ್ಲ ಹೇಳಿದಳು. ಕೊನೆಗೆ ಅಪ್ಪನಿಗೂ ಅದು ಬಾಯಿಗೆ ಬಂತು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಏರ್‌ಪೋರ್ಟ್ ಬಂದು ನಾಲ್ಕೈದು ವರ್ಷವಾಗಿತ್ತು. ಸೊಂಟದ ಮೂಳೆ ಮುರಿದಿತ್ತು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕರೆದುಕೊಂಡು ಬರಲು ಕಾರು ತೊಳೆಸಿಟ್ಟಿದ್ದೆವು. ಅಷ್ಟರಲ್ಲಿ ಜ್ವರ ಬಂತು, ಗಾಯ ಕೀವುಗಟ್ಟಿತು. ಪರೀಕ್ಷೆಯ ರಿಪೋರ್ಟನ್ನು ಡಾಕ್ಟರು ಅಪ್ಪನ ಕೈಗೆ ಕೊಟ್ಟರು, ಅಪ್ಪ ನನ್ನ ಕೈಗೆ ಕೊಟ್ಟರು. ಬ್ಯಾಕ್ಟೀರಿಯಾದ ಹೆಸರು ಓದಿದೆ. ಅದೇ ಬೆಳಗ್ಗೆ ಲ್ಯಾಬಿನಲ್ಲಿ ಅದೇ ಜಾತಿಗೆ ಊಟ ಹಾಕಿ ಬಂದಿದ್ದೆ.

ಅತ್ತೆಯನ್ನು ಒಂಟಿ ಕೋಣೆಗೆ ಸಾಗಿಸಿದರು. ಒಳಗೆ ಹೋಗುವವರು ಗೌನು, ಗ್ಲೌಸು ಹಾಕಿಕೊಳ್ಳಬೇಕು. ನೆಂಟರು ಬಾಗಿಲ ಗಾಜಿನಿಂದಲೇ ಕೈಬೀಸಿ, ಹೊರಗಿನ ಕುರ್ಚಿಯ ಮೇಲೆ ಬಾಳೆಹಣ್ಣಿಟ್ಟು ಹೋಗುತ್ತಿದ್ದರು. ನನಗೆ ಹಗಲೆಲ್ಲ ಲ್ಯಾಬಿನಲ್ಲಿ ಗ್ಲೌಸು, ಸಂಜೆ ಆಸ್ಪತ್ರೆಯಲ್ಲಿ ಮತ್ತೆ ಗ್ಲೌಸು. ಎರಡು ಕಡೆಯೂ ಅದೇ ಪ್ರಾಣಿಗೆ ಹೆದರಿ. ನನ್ನನ್ನು ಮೀಯಿಸಿ ತಲೆ ಬಾಚಿದ ಕೈಯನ್ನು ರಬ್ಬರಿನ ಮೇಲಿಂದ ಹಿಡಿದು ಕೂರುತ್ತಿದ್ದೆ. ಆ ಕೈ ಬಿಸಿಯಾಗಿದೆಯೋ ತಣ್ಣಗಿದೆಯೋ ಸರಿಯಾಗಿ ತಿಳಿಯುತ್ತಿರಲಿಲ್ಲ.

ಎಡವಟ್ಟಾದದ್ದು ಡಾಕ್ಟರು ಮುಂದಿನ ಚಿಕಿತ್ಸೆ ಹೇಳಿದಾಗ. ಕೊಲಿಸ್ಟಿನ್ ಶುರು ಮಾಡುತ್ತೇವೆ ಎಂದರು. ಅಪ್ಪನ ಮುಖ ಅರಳಿತು. "ಅದು ನಮ್ ಮಗೀದೇ ಅಲ್ವಾ ಸಾ" ಎಂದು ನನ್ನ ಕಡೆ ಕೈ ತೋರಿಸಿದರು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಹೂಂ ಎಂದು ನಕ್ಕು ಮುಂದಿನ ರೂಮಿಗೆ ನಡೆದರು. ಆ ಹೂಂ ಸಾಕಾಯಿತು. ಸಂಜೆಯೊಳಗೆ ಚಿಕ್ಕಪ್ಪನಿಂದ ಹಿಡಿದು ಮೂರನೆಯ ಬೀದಿಯ ಹಾಲಿನವಳವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿತ್ತು, ಹುಡುಗಿ ಮಾಡಿದ ಔಷಧಿಯನ್ನೇ ಅವಳ ಅತ್ತೆಗೆ ಹಾಕುತ್ತಿದ್ದಾರೆ ಎಂದು.

ನಾನು ಸುಮ್ಮನಿರಲಿಲ್ಲ. ಅದು ಎಲ್ಲ ದೊಡ್ಡ ಆಸ್ಪತ್ರೆಯಲ್ಲೂ ಸಿಗುವ ಹಳೆಯ ಔಷಧಿ, ನಾನು ಹೊದಿಕೆ ಮಾಡುತ್ತಿರುವವಳು, ಇದರಲ್ಲಿ ಹೊದಿಕೆ ಇಲ್ಲ ಎಂದು ಅಪ್ಪನಿಗೆ ಕಾರಿಡಾರಿನಲ್ಲೇ ಹೇಳಿದೆ. ಅಪ್ಪ ನನ್ನ ಬೆನ್ನು ತಟ್ಟಿ, ಹೆಚ್ಚು ಹೇಳಿಕೊಳ್ಳಬಾರದು, ದೃಷ್ಟಿಯಾಗುತ್ತದೆ, ಒಳ್ಳೆಯದೇ ಬಿಡು ಎಂದರು. ಅತ್ತೆಗೆ ಹೇಳಲು ಹೋದೆ. ಅವಳು ಡ್ರಿಪ್ ಬಾಟಲಿಯನ್ನೇ ನೋಡುತ್ತಾ ಮಲಗಿದ್ದಳು. "ಎಷ್ಟ್ ವರ್ಸ ಇದ್ಕೇ ಅಂತ ಒದ್ದಾಡ್ದೆ ನೀನು, ಈಗ ನೋಡು, ಯಂಗ್ ನಮ್ ಮನೇಗೇ ಆಯ್ತು" ಎಂದಳು. ಡ್ರಿಪ್ ಬದಲಿಸಲು ಬಂದ ನರ್ಸಿಗೂ ಇದು ನಮ್ಮ ಹುಡುಗಿ ಮಾಡಿದ್ದು ಎಂದು ಹೇಳಿದಳು. ಹೇಳದೆ ಅವಳ ಕಾಲಿನ ಮೇಲೆ ಕಂಬಳಿ ಎಳೆದೆ. ಅಷ್ಟು ನೆಮ್ಮದಿಯಾಗಿ ಅವಳು ಬೇರೆ ಯಾವ ಔಷಧಿಯನ್ನೂ ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಔಷಧಿ ಶುರುವಾಗಿ ಸ್ವಲ್ಪ ದಿನಕ್ಕೆ ಕಿಡ್ನಿ ಸೋಲತೊಡಗಿತು. ಡಾಕ್ಟರು ಡೋಸ್ ಇಳಿಸಿದರು. ಇಳಿಸಿದ ಡೋಸು ರಾಡಿಗೆ ಅಂಟಿ ಕೂತ ಬ್ಯಾಕ್ಟೀರಿಯಾದ ಪದರಕ್ಕೆ ಸಾಲದು ಎಂದು ನನಗೆ ಗೊತ್ತಿತ್ತು. ಹೊದಿಕೆಯ ಕೆಲಸ ಬೇಕಾಗಿದ್ದದ್ದು ಇಂಥ ಕಡೆಗೇ. ಗೈಡ್ ಮನೆಗೆ ಹೋಗಿ ಕೇಳಿದೆ, ನಮ್ಮದನ್ನು ಕೊಡಲು ಯಾವ ದಾರಿಯೂ ಇಲ್ಲವೇ ಎಂದು. ಅವರು ಕಾಫಿ ತರಿಸಿದರು. ನಮ್ಮ ಹೊದಿಕೆಯ ಔಷಧಿ ಕೊಟ್ಟ ಹಿಂದಿನ ಬ್ಯಾಚಿನಲ್ಲಿ ಕೆಲವು ಇಲಿಗಳು ಯಾಕೆ ಸತ್ತವೆಂದು ನಮಗೇ ಗೊತ್ತಿಲ್ಲವಲ್ಲಮ್ಮ ಎಂದರು. ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಎದ್ದು ಬರುವಾಗ, ಬೇಕಿದ್ದರೆ ಆಸ್ಪತ್ರೆಯ ಲ್ಯಾಬಿಗೆ ಹೇಳಿ ಅತ್ತೆಯ ಗಾಯದ ಬ್ಯಾಕ್ಟೀರಿಯಾವನ್ನು ತರಿಸಿಕೊಡುತ್ತೇನೆ, ಪರೀಕ್ಷೆ ಮಾಡಿ ನೋಡು ಎಂದರು. ಯಾಕೆ ಒಪ್ಪಿಕೊಂಡೆನೋ. ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಫಲಿತಾಂಶ ನೋಡಲು ಹೋದೆ. ಇಡೀ ಕಟ್ಟಡದಲ್ಲಿ ಗೇಟಿನ ವಾಚ್‌ಮನ್ ಬಿಟ್ಟರೆ ಯಾರೂ ಇಲ್ಲ. ಪ್ಲಾಸ್ಟಿಕ್ ತಟ್ಟೆಯ ಒಂದು ಸಾಲಿನ ಗುಳಿಗಳಿಗೆ ಬರೀ ಔಷಧಿ ಹಾಕಿದ್ದೆ, ಆಸ್ಪತ್ರೆಯಲ್ಲಿ ಇಳಿಸಿದ್ದ ಡೋಸಿನ ಲೆಕ್ಕದಲ್ಲೇ. ಅವೆಲ್ಲ ಅಕ್ಕಿ ತೊಳೆದ ನೀರಿನಂತೆ ಕದಡಿದ್ದವು. ಎಂದರೆ ಬ್ಯಾಕ್ಟೀರಿಯಾ ಸುಖವಾಗಿದ್ದವು. ಪಕ್ಕದ ಸಾಲಿನಲ್ಲಿ ಅಷ್ಟೇ ಔಷಧಿ, ನನ್ನ ಹೊದಿಕೆಯೊಳಗೆ. ಅಲ್ಲಿ ನೀರು ತಿಳಿಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೈತಪ್ಪಾಗಿರಬಹುದೆಂದು ಅದರಿಂದ ತೆಗೆದು ಬೇರೆ ತಟ್ಟೆಗೆ ಬಳಿದು, ಮರುದಿನ ಬಂದು ನೋಡಿದೆ. ಒಂದೂ ಬೆಳೆದಿರಲಿಲ್ಲ.

ವರ್ಷಗಟ್ಟಲೆ ಕಾದ ಫಲಿತಾಂಶ ಅದು. ಯಾರಿಗೆ ಹೇಳಲಿ? ಅಪ್ಪನಿಗೆ ಹೇಳಿದರೆ, ಹಾಗಾದರೆ ಕೊಡು ಎನ್ನುತ್ತಾರೆ. ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಗೆಲ್ಲಬೇಕೆಂದಿಲ್ಲ, ಆ ಇಲಿಗಳ ಹಾಗೆ ಅತ್ತೆಯೂ ಹೋಗಿಬಿಡಬಹುದು ಎಂದು ಯಾವ ಮಾತಿನಲ್ಲಿ ಹೇಳುವುದು? ಗೈಡಿಗೆ ಫೋನ್ ಮಾಡಿದೆ. ಒಳ್ಳೆಯ ಡೇಟಾ ಎಂದರು, ಆಮೇಲೆ ತಪ್ಪು ಮಾತಾಡಿದವರಂತೆ ಅತ್ತೆ ಹೇಗಿದ್ದಾರೆ ಎಂದು ಕೇಳಿದರು. ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನನಗೆ ಬೇಕಾದ ಗೆಲುವು ಕೈಯಲ್ಲಿದ್ದೂ ಅಷ್ಟು ಒಂಟಿ ಎನಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಅತ್ತೆಗೆ ಪೂರ್ತಿ ಎಚ್ಚರವಿರಲಿಲ್ಲ, ಮುಖ ಊದಿಕೊಂಡಿತ್ತು. ನನ್ನ ಗುರುತು ಹತ್ತಿತು. ತುಟಿ ಅಲ್ಲಾಡಿಸಿದಳು. ಬಗ್ಗಿ ಕಿವಿಗೊಟ್ಟೆ.

"ಸತ್ವಾ?"

"ಸತ್ವು ಅತ್ತೆ. ಎಲ್ಲಾ ಸತ್ವು."

ಅವಳು ನಕ್ಕಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ತಿಥಿಯ ದಿನ ಊಟ ಮುಗಿಸಿ ಗಂಡಸರು ಶಾಮಿಯಾನದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ನೀರು ಕೊಡುತ್ತಿದ್ದೆ. ಯಾರೋ ನೆಂಟರು, ಹುಡುಗಿಯ ಔಷಧಿ ಕೈಕೊಟ್ಟಿತಂತಲ್ಲ ಎಂದರು. ಕೆಟ್ಟ ಮನಸ್ಸಿನಿಂದೇನಲ್ಲ, ಮಳೆ ಕೈಕೊಟ್ಟಿತು ಎಂಬಂತೆ. ಅದು ನನ್ನ ಔಷಧಿಯಲ್ಲ, ನನ್ನದನ್ನು ಕೊಡಲೇ ಇಲ್ಲ ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಎಲ್ಲರೂ ತಿರುಗಿದರು. ಚಿಕ್ಕಪ್ಪ ಬಾಯಿಯ ಎಲೆ ಉಗಿದು ಬಂದು ನನ್ನ ಎದುರು ನಿಂತರು.

"ಬದುಕಿದ್ದಿದ್ರೆ ನಿಂದಾಗ್ತಿತ್ತು. ಸತ್ ಮ್ಯಾಕೆ ನಿಂದಲ್ವಾ?"

ಕೊಡಬಹುದಾಗಿದ್ದ ಉತ್ತರಗಳನ್ನು ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಕೂತು ಜೋಡಿಸಿದ್ದೇನೆ. ಅವತ್ತು ನೀರಿನ ಜಗ್ಗನ್ನು ಮೇಜಿನ ಮೇಲಿಟ್ಟೆ. ಅಪ್ಪ ಎದ್ದು ಬಂದು, ಇನ್ನೊಂದು ಮಾತು ಆಡಿದರೆ ಸರಿಯಿರುವುದಿಲ್ಲ ಎಂದು ತಮ್ಮನಿಗೆ ಹೇಳಿದರು. ಅಣ್ಣತಮ್ಮಂದಿರು ಅವತ್ತು ಮಾತು ಬಿಟ್ಟರು. ಮುಂದಿನ ಯುಗಾದಿಯ ಹೊತ್ತಿಗೆ ಅಂಗಳದ ನಡುವೆ ಗೋಡೆ ಎದ್ದಿತು.

ಆಮೇಲಿನ ವರ್ಷಗಳಲ್ಲಿ ಮನೆಯಲ್ಲಿ ನಾವಿಬ್ಬರೇ. ಅಪ್ಪ ಟಿವಿ ಮುಂದೆ, ನಾನು ನನ್ನ ರೂಮಿನಲ್ಲಿ. ನನ್ನ ಕೆಲಸದ ಮಾತು ಬಂದರೆ ಅಪ್ಪ ಚಾನೆಲ್ ಬದಲಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಕೇಳುವವರಿರಲಿಲ್ಲ. ಮದುವೆ ಮನೆಗಳಲ್ಲಿ ಯಾರೂ ನನಗೆ ಮಂಡಿ ತೋರಿಸಲು ಬರಲಿಲ್ಲ. ಅದು ತಪ್ಪಿದರೆ ಸಾಕಪ್ಪ ಅಂದುಕೊಂಡಿದ್ದವಳಿಗೆ, ತಪ್ಪಿದ ಮೇಲೆ ಊಟದ ಸಾಲಿನಲ್ಲಿ ಪಕ್ಕ ಕೂತವರ ಹತ್ತಿರ ಏನು ಮಾತಾಡಬೇಕೆಂದೇ ತೋಚುತ್ತಿರಲಿಲ್ಲ.

ಕೆಲಸ ಮಾತ್ರ ಬಿಡಲಿಲ್ಲ. ಇಲಿಗಳು ಸತ್ತದ್ದು ಹೊದಿಕೆ ಮಾಡುವಾಗ ಉಳಿದುಹೋದ ಒಂದು ದ್ರಾವಕದಿಂದ ಎಂದು ಕಂಡುಕೊಳ್ಳಲೇ ಬಹಳ ಕಾಲ ಹಿಡಿಯಿತು. ಅತ್ತೆಗೆ ಅವತ್ತು ನನ್ನದನ್ನು ಕೊಟ್ಟಿದ್ದರೆ ಅದೇ ದ್ರಾವಕ ಅವಳ ಮೈಗೂ ಹೋಗುತ್ತಿತ್ತು. ಅದನ್ನು ತೆಗೆದ ಮೇಲೆ ಕಣಗಳು ಇಲಿಗಳ ಮೈಯಲ್ಲೂ ಹೇಳಿದ ಮಾತು ಕೇಳಿದವು. ಸೋಂಕು ಹೋಯಿತು, ಕಿಡ್ನಿ ಉಳಿಯಿತು. ಥೀಸಿಸ್ ಮುಗಿಸಿ ಬಂದ ಸಂಜೆ ಅಪ್ಪ ತಾರಸಿಯಲ್ಲಿ ಕೂತಿದ್ದರು. ಕೆಲಸ ಮುಗಿಯಿತಪ್ಪ, ಇಲಿಗಳಲ್ಲಿ ಗೆದ್ದಿದೆ ಎಂದೆ. ಚಾನೆಲ್ ಬದಲಿಸಲು ಅಲ್ಲಿ ಟಿವಿ ಇರಲಿಲ್ಲ.

ಅಪ್ಪ ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದರು. ಆಮೇಲೆ ಹೇಳಿದರು: "ಒಂದ್ ಮಾತು ಯೋಳ್ಬೇಕು ಅಂತ ವರ್ಸಾನ್‌ಗಟ್ಲೆಯಿಂದ ಇದ್ದೆ. ಅಕ್ಕನ ವಿಸ್ಯ ಮನಸ್ನಾಗ್ ಇಟ್ಕಂಡು ಕೊರಗ್‌ಬ್ಯಾಡ. ಅವ್ಳಿಗೆ ಆಕ್ದಾಗ ನಿನ್ ಔಸ್ದಿ ಇನ್ನೂ ಪಳಗಿರ್ಲಿಲ್ಲ, ಅಷ್ಟೇಯ. ಜನ ಏನಾರ ಅನ್ಲಿ, ನಾನ್ ಯಾವತ್ತೂ ನಿನ್ ಮ್ಯಾಲೆ ತಪ್ ಒರ್ಸಿಲ್ಲ."

ನನಗೆ ಆಗ ಗೊತ್ತಾಯಿತು. ಅವತ್ತು ಶಾಮಿಯಾನದ ಕೆಳಗೆ ಅಪ್ಪ ನನ್ನ ಪರ ನಿಂತದ್ದು ನನ್ನ ಮಾತು ನಂಬಿ ಅಲ್ಲ. ಅವರ ಅಕ್ಕನನ್ನು ಕೊಂದದ್ದು ನನ್ನ ಔಷಧಿಯೇ ಎಂದು ಅವರೂ ನಂಬಿದ್ದರು. ನಂಬಿಯೇ ತಮ್ಮನ ಎದುರು ನಿಂತಿದ್ದರು. ನಂಬಿಯೇ ಅಷ್ಟೂ ವರ್ಷ ನಾನು ಹಾಕಿದ ಅನ್ನ ತಿಂದಿದ್ದರು.

ಹೇಳಬೇಕಾದ್ದು ನಾಲಗೆಯ ತುದಿಯಲ್ಲೇ ಇತ್ತು. ಅಪ್ಪನ ಮುಖ ನೋಡಿದೆ. ಹೇಗೋ ಬಾಯಿಬಿಟ್ಟು ಆಡಿ ಮುಗಿಸಿದ ಸುಸ್ತು ಅದರಲ್ಲಿತ್ತು.

"ಹೌದಪ್ಪ, ಆಗಿನ್ನೂ ಪಳಗಿರಲಿಲ್ಲ" ಎಂದೆ.