ರೈಲು ಹೊರಟಿತು, ಚೆಲ್ಲೋ ಒಳಗೇ ಉಳಿಯಿತು

ಎರಡು ವರ್ಷದ ಹಿಂದೆ, ಯುಗಾದಿ ಮುಗಿದು ಒಂದು ವಾರವಾಗಿತ್ತು. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿಗಾಗಿ ನಾನು, ನನ್ನ ಗೆಳತಿ ನಿನೋ ಮತ್ತು ನಮ್ಮನ್ನು ಕಳಿಸಲು ಬಂದಿದ್ದ ಅವಳ ಅತ್ತೆ ಗೌರಮ್ಮ ಹರಿಹರ ಸ್ಟೇಷನ್ನಿನಲ್ಲಿ ನಿಂತಿದ್ದೆವು. ನಮ್ಮ ಜೊತೆ ಹೆಚ್ಚುಕಡಿಮೆ ಆಳೆತ್ತರದ ಒಂದು ಕಪ್ಪು ಪೆಟ್ಟಿಗೆ ಇತ್ತು.

ನಿನೋ ಜಾರ್ಜಿಯಾ ದೇಶದವಳು. ಹರಿಹರದ ಹುಡುಗನೊಬ್ಬ ಡಾಕ್ಟರ್ ಓದಲು ಅಲ್ಲಿಗೆ ಹೋಗಿ, ಅವಳನ್ನು ಮದುವೆಯಾಗಿ ಕರೆತಂದ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂದರು. ಮೊದಲ ದಿನ "ಹೆಸರೇನಮ್ಮ?" ಅಂತ ಕೇಳಿದೆ. "ನಿನೋ" ಅಂದಳು. ನಾನು "ನಾನೋ? ನಾನು ಸುಮಾ" ಅಂದೆ. ಅವಳಿಗೆ ಕನ್ನಡ ಬಂದಮೇಲೆ ಇದನ್ನು ನೆನೆದು ಇಬ್ಬರೂ ಎಷ್ಟು ಸಲ ನಕ್ಕಿದ್ದೇವೋ.

ಆ ಪೆಟ್ಟಿಗೆಯಲ್ಲಿದ್ದದ್ದು ಚೆಲ್ಲೋ. ನೋಡಲು ಪಿಟೀಲಿನ ದೊಡ್ಡಕ್ಕನ ಹಾಗೆ. ನೆಲದ ಮೇಲೆ ನಿಲ್ಲಿಸಿ, ಮೊಣಕಾಲುಗಳ ನಡುವೆ ಹಿಡಿದು, ಕಮಾನಿನಿಂದ ಬಾರಿಸಬೇಕು. ನಿನೋ ಮಗುವಾಗಿದ್ದಾಗಲೇ ಕಲಿಯಲು ಶುರು ಮಾಡಿದ್ದಳಂತೆ. ಅವಳ ಊರಿನ ದೊಡ್ಡ ವಾದ್ಯವೃಂದದಲ್ಲಿ ವರ್ಷಗಟ್ಟಲೆ ಬಾರಿಸಿದವಳು. ಇಲ್ಲಿಗೆ ಬಂದಮೇಲೆ ಅಕ್ಕಪಕ್ಕದ ಮಕ್ಕಳಿಗೆ ಪಿಟೀಲು, ಕೀಬೋರ್ಡ್ ಹೇಳಿಕೊಡುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರೆ ಸಿನಿಮಾ ಹಾಡು ಬಾರಿಸಿ ಬರುತ್ತಿದ್ದಳು. ಮಧ್ಯಾಹ್ನ ಮಾತ್ರ ಬಾಗಿಲು ಹಾಕಿಕೊಂಡು ತನ್ನ ಸಂಗೀತ ಬಾರಿಸುತ್ತಿದ್ದಳು. ನಮ್ಮ ಬೇಸಿಗೆಗೆ ಚೆಲ್ಲೋದ ಮರ ಬಿರಿಯಬಾರದೆಂದು ಕೋಣೆಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳು.

"ಅಲ್ಲಿ ನನ್ನ ಎಡಕ್ಕೊಬ್ಬರು, ಬಲಕ್ಕೊಬ್ಬರು ಬಾರಿಸೋರು ಇರ್ತಿದ್ರು ಅಕ್ಕ. ಇಲ್ಲಿ ಎರಡೂ ಕಡೆ ಗೋಡೆ" ಅಂತ ಒಮ್ಮೆ ಹೇಳಿದ್ದಳು.

ಅಂಥವಳಿಗೆ ಬೆಂಗಳೂರಿನ ಒಂದು ವಾದ್ಯವೃಂದದಿಂದ ಕರೆ ಬಂತು. ಬಂದು ಒಂದು ಸಲ ಬಾರಿಸಿ ತೋರಿಸಬೇಕು, ಒಪ್ಪಿಗೆಯಾದರೆ ಸೇರಿಸಿಕೊಳ್ಳುತ್ತಾರೆ. ಅವಳ ಗಂಡನಿಗೆ ಮಲೆಬೆನ್ನೂರಿನ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. "ನಾನು ಬರ್ತೀನಿ ನಡಿ" ಅಂದೆ. ಹೊರಡುವ ಮುಂಚೆ ಅತ್ತೆಯ ಆಶೀರ್ವಾದ ತಗೋಬೇಕೆಂದು ಹಿಂದಿನ ದಿನವೇ ಹರಿಹರಕ್ಕೆ ಹೋಗಿ ಉಳಿದಿದ್ದೆವು.

ರೈಲು ಬಂತು. ಹರಿಹರದಲ್ಲಿ ಅದು ನಿಲ್ಲುವುದೇ ಸ್ವಲ್ಪ ಹೊತ್ತು. ಬಾಗಿಲಲ್ಲಿ ಸಿಕ್ಕಾಪಟ್ಟೆ ಜನ. ನಿನೋ ಮೊದಲು ಹತ್ತಿದಳು. ನಾನು ಕೆಳಗಿನಿಂದ ಪೆಟ್ಟಿಗೆ ಎತ್ತಿಕೊಟ್ಟೆ. ನಿನೋ ಜೊತೆ ಒಳಗಿದ್ದ ಒಬ್ಬ ಹೆಂಗಸೂ ಕೈಕೊಟ್ಟು ಎಳೆದುಕೊಂಡಳು. ಇನ್ನು ನಾನು ಹತ್ತಬೇಕು ಅನ್ನುವಷ್ಟರಲ್ಲಿ ಹಿಂದೆ ಧೊಪ್ಪೆಂದು ಸದ್ದಾಯಿತು. ಗೌರಮ್ಮ ಯಾರದೋ ಚೀಲಕ್ಕೆ ಎಡವಿ ಬಿದ್ದುಬಿಟ್ಟಿದ್ದರು. ಹಣೆಯಲ್ಲಿ ರಕ್ತ.

"ಅತ್ತೇ!" ಅಂದವಳೇ ನಿನೋ ಕೆಳಗೆ ಧುಮುಕಿದಳು. ಇಬ್ಬರೂ ಸೇರಿ ಅವರನ್ನು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ ತಿರುಗಿ ನೋಡಿದರೆ ರೈಲು ಚಲಿಸುತ್ತಿತ್ತು. ನಾನು ಕೂಗುತ್ತಾ ಓಡಿದೆ. ಸಿಗಲಿಲ್ಲ. ನಿನೋ ಓಡಲಿಲ್ಲ. ಸೆರಗಿನ ತುದಿಯನ್ನು ಅತ್ತೆಯ ಹಣೆಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದಳು. ಮುಖ ಮಾತ್ರ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ನನಗೇನಾಗೈತೆ? ತರಚಿದ ಗಾಯ. ನೀ ಯಾಕ ಇಳಿದೆವ್ವಾ? ನಾ ಬಿದ್ರೆ ಏಳ್ತಿದ್ದೆ. ಅದು ಹೋದ್ರೆ ಬರ್ತೈತೇನು?" ಗೌರಮ್ಮ ಅಳತೊಡಗಿದರು. "ಕಾರು ಮಾಡ್ಕೊಂಡು ಹೋಗ್ರಿ, ನನ್ನ ನೋಡ್ಕೋಳಾಕ ಜನ ಐತೆ ಇಲ್ಲಿ, ಹೋಗ್ರಿ ಮೊದ್ಲು!"

ಸ್ಟೇಷನ್ನಿನವರು ದಾವಣಗೆರೆಗೆ ಫೋನ್ ಮಾಡಿದರು. "ಹೇಳೀವಿ ಮೇಡಂ. ಆದ್ರೆ ಅಲ್ಲೂ ಗಾಡಿ ಬಹಳ ಹೊತ್ತು ನಿಲ್ಲಲ್ಲ, ನೋಡ್ರಿ" ಅಂದರು. ಗೌರಮ್ಮನ ಪಕ್ಕದ ಮನೆಯವರನ್ನು ಕರೆಸಿ ಅವರ ಜೊತೆ ಬಿಟ್ಟು, ನಾವು ಬಾಡಿಗೆ ಕಾರು ಹತ್ತಿದೆವು.

ದಾರಿಯುದ್ದಕ್ಕೂ ನಿನೋ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. "ಅದನ್ನ ಕೊಡಿಸೋಕೆ ನಮ್ಮಮ್ಮ ದ್ರಾಕ್ಷಿ ತೋಟ ಮಾರಿದ್ರು. ಈಗ ಅಮ್ಮಾನೂ ಇಲ್ಲ" ಅಂದಳು. ನಾನು ಅವಳ ಕೈ ಹಿಡಿದುಕೊಂಡೆ.

ದಾವಣಗೆರೆ ಸ್ಟೇಷನ್ ಮುಟ್ಟಿದಾಗ ರೈಲು ಹೋಗಿಯಾಗಿತ್ತು. ಪ್ಲಾಟ್‌ಫಾರ್ಮ್ ಖಾಲಿ. ಅಷ್ಟರಲ್ಲಿ ನಿನೋ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ದೂರದ ಬೆಂಚಿನ ಮೇಲೆ ಇಳಕಲ್ ಸೀರೆಯ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಕಪ್ಪು ಪೆಟ್ಟಿಗೆ. ಅದರ ಸುತ್ತ ಅವಳ ಕೈ.

ರೈಲಿನಲ್ಲಿ ಪೆಟ್ಟಿಗೆ ಎಳೆದುಕೊಂಡಿದ್ದವಳೇ ಅವಳು. ಬ್ಯಾಡಗಿಯ ರತ್ನಕ್ಕ. ಬೆಂಗಳೂರಲ್ಲಿರುವ ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಟವಳು, ತನ್ನ ರೈಲನ್ನು ಬಿಟ್ಟು ಇಳಿದುಬಿಟ್ಟಿದ್ದಳು!

"ಡಬ್ಬಿಯೊಳಗ ಏನೈತೋ, ಪೊಲೀಸರಿಗೆ ಹೇಳ್ರಿ ಅಂತ ಒಬ್ಬ, ಹೊರಗ ನೂಕ್ರಿ ಅಂತ ಇನ್ನೊಬ್ಬ. ಇದರ ಒಡತೀನ ನಾ ನೋಡೀನಿ, ಮುಟ್ಟಬ್ಯಾಡ್ರಿ ಅಂದೆ. ಇಲ್ಲಿ ಮಂದಿ ಕೈ ಹಚ್ಚಿ ಇಳಿಸಿಕೊಟ್ರು."

"ಸ್ಟೇಷನ್ನಿನವರ ಕೈಗೆ ಕೊಟ್ಟು ನೀವು ಹೋಗಬಹುದಿತ್ತಲ್ರಿ" ಅಂದೆ.

"ಅವರೂ ಬಂದಿದ್ರು, ಕೊಡವಾ ಅಂದ್ರು. ಒಡತಿ ಬರೋತನಕ ಕುಂದರತೀನಿ ಅಂದೆ. ಈ ತಂಗಿ ಇದನ್ನ ಒಳಗ ತಗೊಳ್ಳೋವಾಗ ನೋಡಿದ್ನಿ. ಎಳೇಕೂಸಿನ ಕುತ್ತಿಗಿ ಕೆಳಗ ಕೈ ಕೊಟ್ಟಂಗ ಹಿಡಕೊಂಡಿದ್ಲು. ಅಂಥಾದ್ದನ್ನ ಮಂದಿ ಕೈಯಾಗ ಹೆಂಗ ಬಿಡಲಿ?"

ನಿನೋ ಅವಳ ಮಡಿಲಲ್ಲಿ ಮುಖವಿಟ್ಟು ಗಳಗಳ ಅತ್ತಳು. ರತ್ನಕ್ಕ ಬೆನ್ನು ಸವರುತ್ತಿದ್ದಳು. ಆಮೇಲೆ ಪೆಟ್ಟಿಗೆ ತೆರೆದು ನೋಡಿದರೆ ಒಂದು ತಂತಿ ಸಡಿಲವಾಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಿನೋ ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಶ್ರುತಿ ಮಾಡಿ, ಕಮಾನನ್ನು ನಿಧಾನವಾಗಿ ಎಳೆದಳು.

"ಯವ್ವಾ, ಹೊಟ್ಟಿ ಒಳಗಿಂದ ಮಾತಾಡತೈತಲ್ಲ ಇದು!" ಅಂದಳು ರತ್ನಕ್ಕ. ಆಮೇಲೆ ಒಮ್ಮೆಲೇ ಹಣೆ ಹಣೆ ಬಡಿದುಕೊಂಡು ನಕ್ಕಳು. ಮಗಳಿಗೆಂದು ಮಾಡಿದ ಅಂಟಿನುಂಡೆಯ ಡಬ್ಬಿ ರೈಲಿನಲ್ಲೇ ಹೋಗಿತ್ತು. "ಹೋಗ್ಲಿ ಬಿಡ್ರಿ, ಯಾರೋ ತಿಂದು ಗಟ್ಟಿ ಆಗ್ಲಿ."

ಗೌರಮ್ಮನಿಗೆ ಫೋನ್ ಮಾಡಿ "ಸಿಕ್ತು" ಅಂದೆ. ರತ್ನಕ್ಕ ರೈಲು ಬಿಟ್ಟು ಕಾಯ್ದು ಕೂತಿದ್ದನ್ನೂ ಹೇಳಿದೆ. ಅವರು "ಆ ತಾಯಿಗೆ ಮೊದ್ಲು ಊಟ ಹಾಕಿಸ್ರಿ" ಅಂದರು. ಹಣೆಗೆ ಹೊಲಿಗೆ ಬೇಕಾಗಿರಲಿಲ್ಲ, ಬರೀ ಪಟ್ಟಿ ಹಾಕಿದ್ದರಂತೆ.

ರತ್ನಕ್ಕನನ್ನು ಮನೆಗೆ ಕರೆದೊಯ್ದು ಊಟ ಮಾಡಿಸಿ, ಮಧ್ಯಾಹ್ನದ ರೈಲಿಗೆ ಮೂವರೂ ಒಟ್ಟಿಗೆ ಹೊರಟೆವು. ಮರುದಿನ ನಿನೋ ಬಾರಿಸಿದಳು. ಒಪ್ಪಿಗೆಯಾಯಿತು. ಈಗ ಕಛೇರಿ ಇದ್ದಾಗಲೆಲ್ಲ ಬೆಂಗಳೂರಿಗೆ ಹೋಗಿ ಬರುತ್ತಾಳೆ. ಉಳಿದಂತೆ ನಮ್ಮ ಓಣಿಯ ಮಕ್ಕಳಿಗೆ ಪಾಠ ಮಾಡುತ್ತಾಳೆ.

ನನಗೆ ಇವತ್ತಿಗೂ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಚಲಿಸುವ ರೈಲಿನ ಕೊನೆಯ ಬೋಗಿ ದಾಟಿ ಹೋಗುವುದನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಮರುಕ್ಷಣವೇ, ಅದರೊಳಗೆ ನನಗೆ ಗೊತ್ತಿಲ್ಲದ ಒಬ್ಬ ರತ್ನಕ್ಕ ಕೂತಿರುತ್ತಾಳೆ ಅನ್ನಿಸಿ ಸಮಾಧಾನವಾಗುತ್ತದೆ.